ಒಂದೇ ಸಲ ಕೇಳಿ ಹೊರಟವನು

ನಮ್ಮ ಮನೆಗೆ ಊಟಕ್ಕೆ ಬಂದವರು ನನ್ನ ಕೈಯಲ್ಲಿ ಸೌಟು ನೋಡಿದರೆ ಹೆದರುತ್ತಿದ್ದರು. ಕಾರಣ ಇಷ್ಟೇ. "ಇನ್ನೊಂದು ಸ್ವಲ್ಪ ಸಾರು?" ಎಂದು ನಾನು ಕೇಳುತ್ತಿದ್ದೆ, ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ ಬೇಡ" ಎನ್ನುತ್ತಿದ್ದರು, ನಾನು ಸೌಟು ಹಿಂದಕ್ಕೆ ತೆಗೆದುಕೊಂಡು ಪಕ್ಕದವರ ಹತ್ತಿರ ಹೋಗುತ್ತಿದ್ದೆ. ಪಾಪ, ಕೈ ಅಡ್ಡ ಹಿಡಿದವರು ಹಾಗೇ ಅಡ್ಡ ಹಿಡಿದುಕೊಂಡು ಕೂತಿರುತ್ತಿದ್ದರು. ಆಮೇಲೆ ನನ್ನ ಹೆಂಡತಿ ಇನ್ನೊಂದು ಸೌಟು ಹಿಡಿದು ಹಿಂದಿನಿಂದ ಬಂದು, ಅವರ ಬೆರಳುಗಳ ಸಂದಿಯಲ್ಲೇ ಸುರಿದುಬಿಡುವವಳಂತೆ ಬಗ್ಗಿ, ಬಡಿಸಿ ಕಾಪಾಡುತ್ತಿದ್ದಳು. ಅವಳು ಧಾರವಾಡದ ಕಡೆಯವಳು. ಅವಳ ತವರಿನಲ್ಲಿ ಬೇಡ ಎಂದವರ ತಟ್ಟೆಗೆ ರೊಟ್ಟಿ ಎಸೆದಾದರೂ ಹಾಕುತ್ತಾರೆ.

"ಎಂಥಾ ಮನಷ್ಯಾರಿ ನೀವು? ಮಂದಿ ಒಂದ ಸಲಕ್ಕ ಹೂಂ ಅಂತಾರೇನು?" ಎಂದು ಅತಿಥಿಗಳು ಹೋದಮೇಲೆ ಬೈಯುತ್ತಿದ್ದಳು.

ಇದು ನನ್ನ ಹುಟ್ಟುಗುಣವಲ್ಲ. ನಾನು ಮಂಡ್ಯದ ಕಡೆಯವನು. ನಮ್ಮಲ್ಲೂ ಎರಡು ಸಲ ಬೇಡ ಎಂದು ಮೂರನೆಯ ಸಲ ತಟ್ಟೆ ಮುಂದಕ್ಕೆ ತಳ್ಳುವುದೇ ಪದ್ಧತಿ. ನನ್ನನ್ನು ಕೆಡಿಸಿದ್ದು ನ್ಯೂಜೆರ್ಸಿ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಪಾರ್ಸಿಪನಿಯ ಆಫೀಸಿನ ಮ್ಯಾನೇಜರು ಮನೆಗೆ ಕರೆದಿದ್ದರು. ಬಾಗಿಲಲ್ಲೇ ಕುಡಿಯಲು ಏನು ಬೇಕೆಂದು ಕೇಳಿದರು. ಮರ್ಯಾದಸ್ಥನಂತೆ ಏನೂ ಬೇಡ ಎಂದೆ. ಸರಿ ಎಂದರು. ಮುಗಿಯಿತು! ತಿನ್ನಲು ಬಂದದ್ದಕ್ಕೂ ನನ್ನ ಮರ್ಯಾದೆ ಅದೇ ಉತ್ತರ ಕೊಟ್ಟಿತು. ಸಂಜೆಯಿಡೀ ಎಲ್ಲರ ಕೈಯಲ್ಲೂ ಲೋಟ, ತಟ್ಟೆ. ನನ್ನ ಕೈಯಲ್ಲಿ ನನ್ನದೇ ಇನ್ನೊಂದು ಕೈ. ಹಿಮ ಬೀಳುತ್ತಿದ್ದ ಹೈವೇಯಲ್ಲಿ ಡ್ರೈವ್ ಮಾಡಿಕೊಂಡು ಅಪಾರ್ಟ್‌ಮೆಂಟಿಗೆ ಬಂದು, ಫ್ರಿಜ್ಜಿನ ಮುಂದೆ ನಿಂತೇ ಮೊಸರನ್ನ ತಿಂದೆ. ಅವತ್ತೇ ನಿಶ್ಚಯಿಸಿದೆ: ಬೇಕಾದರೆ ಬೇಕು, ಬೇಡವಾದರೆ ಬೇಡ. ಬೇರೆಯವರ ಬೇಡವನ್ನೂ ಹಾಗೇ ನಂಬಬೇಕು. ಪಾಸ್‌ಪೋರ್ಟಿನ ಬಣ್ಣ ಬದಲಾಗುವ ಎಷ್ಟೋ ವರ್ಷ ಮೊದಲೇ ನಾನು ಅಮೆರಿಕದವನಾಗಿದ್ದು ಈ ಒಂದು ವಿಷಯದಲ್ಲಿ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಇಷ್ಟು ಪೀಠಿಕೆ ಯಾಕೆಂದರೆ, ಐವತ್ತು ದಾಟಿದ ನಾನು ಹೆಗಲಿಗೆ ಚೀಲ ಏರಿಸಿ ಒಬ್ಬನೇ ದಕ್ಷಿಣ ಯುರೋಪು ಸುತ್ತಿದ್ದು ಧೈರ್ಯದಿಂದ ಎಂದು ನಮ್ಮ ಕನ್ನಡದ ಬಳಗದಲ್ಲಿ ಕೆಲವರು ತಿಳಿದಿದ್ದಾರೆ. ಧೈರ್ಯವೂ ಇಲ್ಲ, ಏನೂ ಇಲ್ಲ. ಅಡುಗೆಮನೆಯಲ್ಲಿ ಒಂದೇ ಸಲ ಕೇಳಿದ್ದರ ಫಲ ಅದು.

ಆ ಮಾರ್ಚಿನಲ್ಲಿ ನನ್ನ ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ಶುರುವಾಗಲು ಸುಮಾರು ಒಂದು ತಿಂಗಳು ಬಿಡುವು ಸಿಕ್ಕಿತ್ತು. ಪಿಸ್ಕಾಟವೇಯ ನಮ್ಮ ಮನೆಯ ಹಿತ್ತಲಲ್ಲಿ ಹಳೆಯ ಹಿಮ ಕೊಳೆಯಾಗಿ ಬಿದ್ದಿತ್ತು. ಕಾಲೇಜಿನಲ್ಲಿರುವ ಮಗಳು ಹಿಂದಿನ ಬೇಸಿಗೆಯಲ್ಲಿ ಗೆಳತಿಯರ ಜೊತೆ ತಿರುಗಾಡಿ ಬಂದು ನೇರಳೆ ಬಣ್ಣದ ದೊಡ್ಡ ಬ್ಯಾಕ್‌ಪ್ಯಾಕೊಂದನ್ನು ಗ್ಯಾರೇಜಿನಲ್ಲಿ ನೇತುಹಾಕಿದ್ದಳು. ಕಾರಿನ ದಾರಿಯ ಹಿಮಕ್ಕೆ ಎರಚುವ ಉಪ್ಪು ಹುಡುಕಲು ಹೋದವನು ಅದನ್ನು ಹೆಗಲಿಗೆ ಹಾಕಿಕೊಂಡು ನೋಡಿದೆ. ಸರಿಯಾಗಿ ಕೂತಿತು. ಲಿಸ್ಬನ್‌ನಲ್ಲಿ ಇಳಿದು, ಸ್ಪೇನ್ ದಾಟಿ, ಬೂಟಿನ ಆಕಾರದ ಇಟಲಿಯ ಹಿಮ್ಮಡಿಯ ತನಕ ಹೋಗಿ ಬರಬೇಕು ಅನ್ನಿಸಿಬಿಟ್ಟಿತು. ಚೀಲ ಹೆಗಲ ಮೇಲಿದ್ದಂತೆಯೇ ಅಡುಗೆಮನೆಗೆ ಬಂದೆ.

"ಯುರೋಪಿಗೆ ಹೋಗೋಣ ಅಂತಿದೀನಿ. ಬಸ್ಸು, ಟ್ರೇನು, ಹಾಸ್ಟೆಲ್ಲು, ಹೀಗೆ. ಬರ್ತೀಯಾ?" ಎಂದೆ.

ಅವಳು ಒಲೆ ಒರೆಸುತ್ತಿದ್ದಳು. ವುಡ್‌ಬ್ರಿಡ್ಜ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ, ಆಗಷ್ಟೇ ಬಂದಿದ್ದಳು.

"ಬ್ಯಾಡ ಬಿಡ್ರಿ. ನನಗ ರಜಾ ಎಲ್ಲಿ ಕೊಡ್ತಾರ? ಚೀಲಾ ಹೊತ್ಕೊಂಡು ಊರೂರು ತಿರಗೂದು ನನಗ್ಯಾಕ? ನೀವು ಹೋಗಿ ಬರ್ರಿ."

"ಸರಿ ಹಾಗಾದ್ರೆ," ಎಂದು ಮಾಳಿಗೆ ಹತ್ತಿ ಟಿಕೆಟ್ ಬುಕ್ ಮಾಡಿದೆ. ಅರ್ಧ ಗಂಟೆ ಬಿಟ್ಟು ನೀರು ಕುಡಿಯಲು ಕೆಳಗಿಳಿದು ಬಂದರೆ ಅವಳು ಅದೇ ಒಲೆಯನ್ನು ಇನ್ನೂ ಒರೆಸುತ್ತಿದ್ದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಎಷ್ಟು ಚೊಕ್ಕಟ ಇವಳು, ಎಂದುಕೊಂಡೆ.

ನನ್ನ ಮೆಚ್ಚುಗೆಗೆ ನೀರೆರಚಿದ್ದು ಹಾಸನದ ಗೆಳೆಯ. ಶನಿವಾರ ತರಕಾರಿ ಅಂಗಡಿಯಲ್ಲಿ ಸಿಕ್ಕಿದವನಿಗೆ ಹೆಮ್ಮೆಯಿಂದ ಪ್ರವಾಸದ ವಿಷಯ ಹೇಳಿದೆ. ಅವನು ಹೀರೇಕಾಯಿ ಆರಿಸುವುದನ್ನು ನಿಲ್ಲಿಸಿದ.

"ಅವರು ಬರಲ್ವಾ?"

"ಕೇಳ್ದೆ. ಬೇಡ ಅಂದ್ಲು."

"ಎಷ್ಟ್ ಸಲ ಕೇಳ್ದೆ?"

"ಎಷ್ಟ್ ಸಲ ಅಂದ್ರೆ? ಒಂದ್ಸಲ."

ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಸಾವಿನ ಮನೆಯಲ್ಲಿ ಮಾತಾಡುವವನ ದನಿಯಲ್ಲಿ, "ಕೆಟ್ಟೆ ಬಿಡಪ್ಪ," ಎಂದ.

ಮಗಳಿಗೆ ಫೋನು ಮಾಡಿದೆ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ನನ್ನ ಪರ ಇರುತ್ತಾಳೆಂದು ನಂಬಿದ್ದೆ. ಎಲ್ಲ ಕೇಳಿ, "ಒನ್ಸ್? ಅಪ್ಪಾ, ಈವನ್ ಐ ನೋ ದಟ್!" ಎಂದು ಚೀರಿದಳು. ಅಮ್ಮನ ಲ್ಯಾಬಿನಲ್ಲಿ ವಾರಗಟ್ಟಲೆ ರಜೆ ಕೂಡಿಬಿದ್ದಿದೆ ಎಂಬುದೂ ನನಗೆ ಗೊತ್ತಾದದ್ದು ಅವಳಿಂದಲೇ. ಆ ರಾತ್ರಿ ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡು, "ನೀನೂ ಬರಬಹುದಿತ್ತು. ಈಗಲೂ ನೋಡಬಹುದು," ಎಂದೆ.

"ಟಿಕೆಟ್ ತೊಗೊಂಡ ಮ್ಯಾಲ ಕೇಳೂದು ಕೇಳೂದೇನ್ರಿ? ಅದು ಸುದ್ದಿ ಹೇಳೂದು," ಎಂದಳು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಜಗಳವೇನೂ ಆಗಲಿಲ್ಲ. ಆಗಿದ್ದರೆ ನಾನು ಗೆಲ್ಲುತ್ತಿದ್ದೆ, ಇಲ್ಲವೇ ಸೋತು ಹಗುರಾಗುತ್ತಿದ್ದೆ. ಅವಳು ಶೇಂಗಾ ಚಟ್ನಿಪುಡಿಯನ್ನು ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಕೊಟ್ಟಳು, ಕಟಕಟ ಎನ್ನುವ ಒಣ ರೊಟ್ಟಿಗಳನ್ನು ಪೇಪರಿನಲ್ಲಿ ಸುತ್ತಿ ನೇರಳೆ ಚೀಲದ ಬೆನ್ನಿಗೆ ಸಮವಾಗಿ ನಿಲ್ಲಿಸಿದಳು, ನೂಆರ್ಕ್ ಏರ್‌ಪೋರ್ಟಿಗೆ ತಾನೇ ಡ್ರೈವ್ ಮಾಡಿ ಇಳಿಸಿ, "ಹುಷಾರ್ರಿ" ಎಂದಳು. ಇಷ್ಟು ಚೆನ್ನಾಗಿ ಬೀಳ್ಕೊಟ್ಟರೆ ಹೋಗುವವನಿಗೆ ಹೇಗಿರಬೇಡ? ವಿಮಾನ ಏರಿದ ಮೇಲೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಅವಳಿಗೆ ಬರುವ ಮನಸ್ಸಿತ್ತೇ, ಇರಲಿಲ್ಲವೇ?

ಹಾಗೆಂದು ನಾನು ದುಃಖದಲ್ಲಿ ಮುಳುಗಿದ್ದೆ ಎಂದರೆ ಸುಳ್ಳಾಗುತ್ತದೆ. ಲಿಸ್ಬನ್‌ನ ಬಿಸಿಲಿಗೆ ಕಾಲಿಟ್ಟ ಗಳಿಗೆಯಿಂದ ನನಗೆ ಕುಣಿಯುವಷ್ಟು ಖುಷಿ. ಹಾಸ್ಟೆಲ್ಲಿನಲ್ಲಿ ನನಗೆ ಮೇಲಿನ ಮಂಚ ಸಿಕ್ಕಿತ್ತು. ಏಣಿ ಹತ್ತುವಾಗ ನನ್ನ ಮಂಡಿ ಮಾಡಿದ ಸದ್ದಿಗೆ ಕೆಳಗಿನ ಮಂಚದ ಡಚ್ ಹುಡುಗ ಎದ್ದು ಕೂತು, ತಾನೇ ಮೇಲೆ ಹೋಗುತ್ತೇನೆಂದ. ಒಂದೇ ಸಲ ಕೇಳಿದ. ಒಂದೇ ಸಲಕ್ಕೆ ಒಪ್ಪಿದೆ. ನೋಡಿ, ನನ್ನ ಪದ್ಧತಿಯಲ್ಲಿ ಎಷ್ಟು ಅನುಕೂಲವಿದೆ! ಬೆಳಗ್ಗೆ ಅವನು ಗೊರಕೆಯ ವಿಷಯವನ್ನು ಬಹಳ ಸೌಜನ್ಯದಿಂದ ಎತ್ತಿದ. ಇಪ್ಪತ್ತೈದು ವರ್ಷದಿಂದ ಹೆಂಡತಿ ಹೇಳುತ್ತಿದ್ದದ್ದು ನಿಜವೆಂದು ಆಗ ತಿಳಿಯಿತು. ಮರುದಿನದಿಂದ ಅವನು ಕಾಣಲಿಲ್ಲ.

ಹತ್ತಿ ಇಳಿಯುವ ಓಣಿಗಳಲ್ಲಿ ದಾರಿ ತಪ್ಪುವುದೇ ನನ್ನ ಕಾರ್ಯಕ್ರಮ. ಎಡಕ್ಕೆ ಹೋಗೋಣವೆಂದರೆ ಎಡಕ್ಕೆ. ಕಾಫಿ ಕುಡಿಯೋಣವೆಂದರೆ ಕಾಫಿ. ಮಧ್ಯಾಹ್ನ ಚರ್ಚಿನ ಮೆಟ್ಟಿಲ ಮೇಲೆ ಕೂತು ರೊಟ್ಟಿಗೆ ಚಟ್ನಿಪುಡಿ ಹಚ್ಚಿ ತಿನ್ನೋಣವೆಂದರೆ ಅದೂ ಸರಿ. ಪ್ರತಿಯೊಂದನ್ನೂ ನಾನೇ ಪ್ರಸ್ತಾಪಿಸಿ ನಾನೇ ಅನುಮೋದಿಸುತ್ತಿದ್ದೆ. ಮದುವೆಯಾದ ಮೇಲೆ ಇಂಥ ಸಭೆ ನಡೆಸಿರಲಿಲ್ಲ.

ಬಸ್ಸು ಹಿಡಿದು ಸೆವಿಲ್ಲಿಗೆ ಹೋದೆ. ಆ ಊರಿನ ಬೀದಿಗಳ ಎರಡೂ ಕಡೆ ಕಿತ್ತಳೆ ಮರಗಳು, ಮರದ ತುಂಬ ಹಣ್ಣು, ಕೆಳಗೂ ಹಣ್ಣು. ಯಾರೂ ಮುಟ್ಟುವುದಿಲ್ಲ. ಎಂಥ ಸೋಮಾರಿ ಜನ ಎಂದು ಬೈದುಕೊಂಡು, ಆ ಕಡೆ ಈ ಕಡೆ ನೋಡಿ, ಒಂದನ್ನು ಆರಿಸಿ ಸುಲಿದು ಬಾಯಿಗಿಟ್ಟೆ. ಹೇರಳೆಕಾಯಿ! ಅದೇ ಹುಳಿ, ಅದೇ ಕಹಿ. ಎದುರಿನ ಬೆಂಚಿನ ಮೇಲಿದ್ದ ಮುದುಕರಿಬ್ಬರು ನನ್ನ ಮುಖ ನೋಡಿ ತೊಡೆ ತಟ್ಟಿಕೊಂಡು ನಕ್ಕರು. ದಿನಕ್ಕೊಬ್ಬ ನನ್ನಂಥವನು ಸಿಗುತ್ತಾನೆಂದೇ ಅವರು ಅಲ್ಲಿ ಕೂರುತ್ತಿರಬೇಕು. ನಾನೂ ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ, "ಇದರಲ್ಲಿ ಗೊಜ್ಜು ಮಾಡಿದ್ರೆ ಹೇಗಿರುತ್ತೆ ಕಣೇ" ಎಂದು ಹೇಳಲು. ಪಕ್ಕದಲ್ಲಿ ನೇರಳೆ ಚೀಲವಿತ್ತು.

ಮರದ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆಟ್ಟು ಬಂತು.

ಈ ಹೆಬ್ಬೆಟ್ಟಿನ ವಿಷಯ ಹೇಳಲೇಬೇಕು. ನನ್ನ ಹೆಂಡತಿ ಮೆಸೇಜು ಬರೆಯುವವಳಲ್ಲ, ಮಾತಾಡಿ ಕಳಿಸುವವಳು. ಹಾಲು ತರಬೇಕೆಂದು ಹೇಳಲಿಕ್ಕೂ ಅವಳ ಧ್ವನಿ ಸಂದೇಶ ಹಾಲಿನಿಂದ ಹೊರಟು, ಲ್ಯಾಬಿನ ಮೇಲಿನವಳ ದರ್ಪವನ್ನು ಮುಟ್ಟಿ, ತಂಗಿಯ ಮಗನ ಮದುವೆಗೆ ಹೋಗಿ, ಮತ್ತೆ ಹಾಲಿಗೆ ಬಂದು ನಿಲ್ಲುತ್ತದೆ. ಅಂಥವಳು ನಾನು ಹೊರಟಂದಿನಿಂದ ನದಿಗೆ ಒಂದು ಹೆಬ್ಬೆಟ್ಟು, ಅರಮನೆಗೆ ಒಂದು ಹೆಬ್ಬೆಟ್ಟು, ಮುಂದೆ ಇಟಲಿಗೆ ಹೋದಾಗ ನೇಪಲ್ಸ್‌ನ ಬೆಟ್ಟಕ್ಕೆ ಒಂದು ಹೆಬ್ಬೆಟ್ಟು ಕಳಿಸುತ್ತಿದ್ದಳು. ಫೋನು ಮಾಡಿದರೆ, "ಆರಾಮ ಇದ್ದೀರಿಲ್ಲೋ? ಆತು, ಇಡ್ತೀನಿ." ಅವಳ ಸಿಟ್ಟು ನನಗೆ ಗೊತ್ತು, ಅದಕ್ಕೆ ಮಾತು ಹೆಚ್ಚು. ಮಾತೇ ಇಲ್ಲದ ಸಿಟ್ಟನ್ನು ನಾನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಹೆದರಿದೆ.

ಇಟಲಿಯ ಹಿಮ್ಮಡಿಯ ಕಡೆ, ಬಾರಿ ಎಂಬ ಪಟ್ಟಣದಿಂದ ಸಣ್ಣ ಟ್ರೇನಿನಲ್ಲಿ ಹೋಗುವ ಊರೊಂದರಲ್ಲಿ ಬಾಡಿಗೆಗೆ ಕೋಣೆ ಹಿಡಿದೆ. ಸುಣ್ಣ ಬಳಿದ ಮನೆ, ಕೆಳಗೆ ಮನೆಯೊಡತಿ, ಮೇಲೆ ನಾನು. ನಮ್ಮ ತಾಯಿಯ ವಯಸ್ಸಿನವಳು, ಗಿಡ್ಡ, ಗಟ್ಟಿ ದನಿ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಭಾಷೆ ಬಾರದು. ಇಬ್ಬರೂ ಫೋನಿಗೆ ಹೇಳಿ ಅದರಿಂದ ಹೇಳಿಸುತ್ತಿದ್ದೆವು, ಬೇಸರವಾದಾಗ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ. ವ್ಯತ್ಯಾಸವೇನೂ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ನಾನು ಹೊರಗೆ ಹೊರಟಿದ್ದೆ. ಅವಳು ಅಡುಗೆಮನೆಯಿಂದ ಇಣುಕಿ, ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಊಟಕ್ಕೆ ಬಾ ಎಂದಳು. ಬೆಳಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಒಳಗಿನಿಂದ ಬೆಳ್ಳುಳ್ಳಿಯ ಒಗ್ಗರಣೆಯಂಥ ವಾಸನೆ ಬರುತ್ತಿತ್ತು. ಆದರೂ ನನ್ನ ಕೈ ತಾನಾಗಿ ಎದೆಗೆ ಹೋಯಿತು, ತಲೆ ಆಡಿತು, "ಅಯ್ಯೋ ಬೇಡ ಬೇಡ, ನಿಮಗ್ಯಾಕೆ ತೊಂದರೆ" ಎಂದು ಅಚ್ಚ ಕನ್ನಡದಲ್ಲಿ ಹೇಳಿದೆ. ಪಾರ್ಸಿಪನಿಯ ಆ ಸಂಜೆಯ ನಂತರ ಹಸಿದ ಹೊಟ್ಟೆಯಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು. ಆ ಮುದುಕಿ ನನ್ನ ಮಾತಿಗೆ ನೊಣದಷ್ಟೂ ಬೆಲೆ ಕೊಡಲಿಲ್ಲ. ತೋಳು ಹಿಡಿದು ಎಳೆದು ಕುರ್ಚಿಯ ಮೇಲೆ ಕೂರಿಸಿದಳು.

ತಟ್ಟೆಗೆ ಬಿದ್ದದ್ದು ಒಣ ಕಾಳನ್ನು ನುಣ್ಣಗೆ ಬೇಯಿಸಿ ಮಸೆದದ್ದು, ಅದರ ಮೇಲೆ ಕಹಿ ಸೊಪ್ಪು, ಮೇಲೆ ಧಾರಾಳ ಎಣ್ಣೆ. ಖಾರ ಒಂದನ್ನು ಬಿಟ್ಟರೆ ನಮ್ಮ ಮಸ್ಸೊಪ್ಪು. ತಟ್ಟೆ ಖಾಲಿಯಾಗುವ ಮೊದಲೇ ಸೌಟು ಬಂತು. ಬೇಡ ಎಂದೆ, ಹಾಕಿದಳು. ಕೈ ಅಡ್ಡ ಹಿಡಿದೆ. ಕೈ ಸರಿಸಿ ಹಾಕಿದಳು. ನಾನು ತಲೆ ತಗ್ಗಿಸಿ ಉಂಡೆ, ಎಷ್ಟು ಸುಖವಾಗಿ ಉಂಡೆ! ಮೂರನೆಯ ಸಲ ಅವಳು ಸೌಟು ಎತ್ತಿದಾಗ ನನಗೆ ನಮ್ಮ ಅಡುಗೆಮನೆಯ ಹೊಳೆಯುವ ಒಲೆ ನೆನಪಾಯಿತು. ನಾನು ಹಸಿದೇ ಬೇಡ ಎಂದೆನಲ್ಲ, ಅವತ್ತು ನನ್ನ ಹೆಂಡತಿಯೂ ಹಾಗೇ ಅಂದಿರಬೇಕು. ನಾನು ಸೌಟು ಹಿಂದಕ್ಕೆ ತೆಗೆದುಕೊಂಡು ಮಾಳಿಗೆ ಹತ್ತಿಬಿಟ್ಟೆ.

ಅಲ್ಲೇ, ತಟ್ಟೆಯ ಮುಂದೆಯೇ, ಫೋನು ತೆಗೆದೆ. ನ್ಯೂಜೆರ್ಸಿಯಲ್ಲಿ ಆಗ ಬೆಳಗ್ಗೆ. ಆ ಕಡೆ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು.

"ಏನ್ರಿ, ಆರಾಮ ಇದ್ದೀರಿಲ್ಲೋ?"

"ಆರಾಮಿದೀನಿ. ನೀನೂ ಬಾ."

"ಎಲ್ಲಿಗೆ?"

"ಇಲ್ಲಿಗೆ ಕಣೇ. ಇನ್ನೂ ಒಂದು ವಾರದ ಮೇಲಿದೆ. ಟಿಕೆಟ್ ಇವತ್ತೇ ಮಾಡ್ತೀನಿ."

"ಬ್ಯಾಡ ಬಿಡ್ರಿ."

ಮನೆಯೊಡತಿ ಸೌಟು ಹಿಡಿದವಳು ಹಾಗೇ ನಿಂತು ನೋಡುತ್ತಿದ್ದಳು. ನಾನು ಉಸಿರು ಎಳೆದುಕೊಂಡೆ.

"ರಜ ಕೂಡಿಬಿದ್ದಿದೆಯಂತಲ್ಲ ನಿಂಗೆ. ಬಾ."

"ರಜಾ ಇದ್ರ ಏನಾತು? ಬ್ಯಾಡ ಅಂದೆಲ್ಲ."

"ನೋಡು, ಸಂಕೋಚ ಪಟ್ಕೋಬೇಡ. ನೀನು ಬರಲೇಬೇಕು. ಹೇರಳೆಕಾಯಿ ಬೀದೀಲಿ ಬಿದ್ದಿದ್ರೂ ಹೇಳ್ಕೊಳೋಕೆ ಯಾರೂ ಇಲ್ಲ ನಂಗೆ. ಬಾ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ನಗು ಕೇಳಿಸಿತು, ಅವಳ ನಿಜವಾದ ನಗು, ಹೊಟ್ಟೆಯಿಂದ ಬರುವಂಥದ್ದು. ಮುದುಕಿಗೂ ಅದು ಕೇಳಿ, ಏನು ಎತ್ತ ತಿಳಿಯದೆ ತಾನೂ ನಕ್ಕಳು.

"ಇಪ್ಪತ್ತೈದು ವರ್ಷಕ್ಕ ಇವತ್ತ ಮೂರು ಸಲ ಕೇಳಿದ್ರಿ ನೋಡ್ರಿ!"

"ಹಾಗಾದ್ರೆ ಬರ್ತೀಯಾ?"

"ಇಲ್ರಿ. ಅವತ್ತ ಬರೂ ಮನಸ್ಸಿತ್ತು, ಖರೇನ ಇತ್ತು. ನೀವು ಸರಿ ಅಂತ ಮ್ಯಾಲ ಹತ್ತಿ ಹೋದಾಗ ನನಗ ಅಳೂನ ಬಂದಿತ್ತು. ಈಗ ಮನಸ್ಸಿಲ್ಲ."

"ಈಗೇನಾಯ್ತು?"

"ನೀವು ಹೋದ ಮ್ಯಾಲ, ಶನಿವಾರ ಮನ್ಯಾಗ ಕುಂತು ಏನ್ ಮಾಡ್ಲಿ ಅಂತ ಟ್ರೇನ್ ಹತ್ತಿ ನ್ಯೂಯಾರ್ಕಿಗೆ ಹೋದೆ. ಒಬ್ಬಾಕಿನ. ಫೆರಿ ಹತ್ತಿ ಆ ಕಡೆ ದಂಡಿಗೆ ಹೋಗಿ, ಇಳಿದು, ಮತ್ತ ಹತ್ತಿ ಈ ಕಡೆ ಬಂದೆ. 'ಟೈಮ್ ಆಯ್ತು, ಟ್ರಾಫಿಕ್ ಶುರುವಾಗುತ್ತೆ' ಅನ್ನವರು ಯಾರೂ ಇರಲಿಲ್ಲ ನೋಡ್ರಿ. ಭಾಳ ಚಲೋ ಅನಸ್ತು. ಈಗ ಲ್ಯಾಬ್ ಮುಗಿದ ಮ್ಯಾಲೂ ಹೋಗ್ತೀನಿ."

"ಮತ್ತೆ ಆ ಹೆಬ್ಬೆಟ್ಟು?"

"ಟ್ರೇನಿನ್ಯಾಗ ನಿಂತು ಒಂದ ಕೈಲೆ ಕಂಬಾ ಹಿಡಕೊಂಡಾಕಿ ಮತ್ತೇನು ಒತ್ಲಿ?"

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಮರುಗಳಿಗೆಯಲ್ಲೇ ನನಗೆ ಸಿಟ್ಟು ಬಂತು. ನಾನಿಲ್ಲಿ ಅವಳು ಕೊರಗುತ್ತಿದ್ದಾಳೆಂದು ಕೊರಗುತ್ತಿದ್ದರೆ, ಅವಳಲ್ಲಿ ನಾನಿಲ್ಲದ್ದಕ್ಕೆ ಹಡಗು ಹತ್ತಿ ಇಳಿದು ಆಡುತ್ತಿದ್ದಾಳೆ! ಆದರೆ ಮುದುಕಿ ಆ ಹೊತ್ತಿಗೆ ಮೂರನೆಯ ಸೌಟನ್ನು ಸುರಿದಾಗಿತ್ತು. ಊಟ ಮಾಡಿದೆ.

ಆ ರಾತ್ರಿಯಿಂದಲೇ ಧ್ವನಿ ಸಂದೇಶಗಳು ಶುರುವಾದವು. ಫೆರಿಯ ಗಾಳಿ, ಸೆಂಟ್ರಲ್ ಪಾರ್ಕಿನ ನಾಯಿಗಳು, ಲ್ಯಾಬಿನ ಮೇಲಿನವಳು, ಎಲ್ಲವೂ ಇದ್ದವು. ಉಳಿದ ದಿನಗಳಲ್ಲಿ ನಾನು ಸಮುದ್ರದ ದಂಡೆಯಲ್ಲಿ ಅವನ್ನು ಕಿವಿಗೆ ಹಾಕಿಕೊಂಡು ನಡೆದೆ. ಒಂಟಿ ಪ್ರಯಾಣ ಅಷ್ಟು ರುಚಿಸಿದ್ದು ಆಗಲೇ.

ತಿರುಗಿ ಬಂದಮೇಲೆ ನಾನು ಬದಲಾದ ಮನುಷ್ಯ. ನಮ್ಮ ಮನೆಯ ಊಟಗಳಲ್ಲಿ ಈಗ ನಾನು ಮೂರಲ್ಲ, ನಾಲ್ಕು ಸಲ ಕೇಳುತ್ತೇನೆ, ಅಡ್ಡ ಬಂದ ಕೈಯನ್ನು ಸರಿಸಿ ಬಡಿಸುತ್ತೇನೆ. ಹಾಸನದ ಗೆಳೆಯ ಒಮ್ಮೆ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ನೀನು ಮೊದಲೇ ವಾಸಿ ಇದ್ದೆ ಕಣೋ," ಎಂದ.

ಸೆಪ್ಟೆಂಬರಿನ ಒಂದು ಸಂಜೆ ನಾನು ತಟ್ಟೆ ಒರೆಸಿಡುತ್ತಿದ್ದೆ. ಹೆಂಡತಿ ಗ್ಯಾರೇಜಿನಿಂದ ಬಂದಳು. ಅವಳ ಬೆನ್ನ ಮೇಲೆ ನೇರಳೆ ಚೀಲವಿತ್ತು. ನನಗಿಂತ ಅವಳಿಗೇ ಚೆನ್ನಾಗಿ ಒಪ್ಪುತ್ತಿತ್ತು.

"ಗ್ರೀಸಿಗೆ ಹೋಗಿ ಬರಬೇಕಂತ ಮಾಡೀನಿ. ರಜಾ ಹಾಕೀನಿ. ನೀವೂ ಬರ್ತೀರೇನ್ರಿ?"

ನನಗೆ ಕುಣಿಯುವಷ್ಟು ಆಸೆಯಾಯಿತು. ಬಾಯಲ್ಲಿ ಮಾತ್ರ, "ನಾನ್ಯಾಕೆ ಬಿಡು, ಹೊಸ ಪ್ರಾಜೆಕ್ಟು, ರಜ ಸಿಗೋದು ಕಷ್ಟ. ನೀನು ಹೋಗಿ ಬಾ," ಎಂದೆ.

"ಆತು," ಎಂದು ಅವಳು ಮಾಳಿಗೆ ಹತ್ತಿದಳು.

ಕೆಳಗಿಳಿದು ಬಂದು ಇನ್ನೊಂದು ಸಲ ಕೇಳುತ್ತಾಳೆಂದು ಕಾದೆ. ಮೇಲಿನಿಂದ ಕಂಪ್ಯೂಟರಿನ ಕೀಲಿಗಳ ಸದ್ದು ಬರುತ್ತಿತ್ತು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ, ಮತ್ತೂ ಒರೆಸಿದೆ. ಮಾರ್ಚಿನ ಆ ಸಂಜೆ ಇದೇ ಜಾಗದಲ್ಲಿ ಅವಳಿಗೆ ಹೇಗಾಗಿತ್ತೆಂದು ಆಗ ಪೂರ್ತಿ ತಿಳಿಯಿತು. ತಡೆಯಲಾಗಲಿಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದೆ:

"ಲೇ, ನಾನೂ ಬರ್ತೀನಿ ಕಣೇ! ಬೇಡ ಅಂದಿದ್ದು ಸುಮ್ನೆ, ಉಪಚಾರಕ್ಕೆ!"

ಕೀಲಿಗಳ ಸದ್ದು ನಿಂತಿತು. ಮೇಲಿನಿಂದ ಬಹಳ ಅಕ್ಕರೆಯ ದನಿಯಲ್ಲಿ ಉತ್ತರ ಬಂತು:

"ಅಯ್ಯ, ನಾ ಕೇಳಿದ್ದೂ ಉಪಚಾರಕ್ಕರೀ. ನಾ ಒಬ್ಬಾಕಿನ ಹೊಂಟೀನಿ."

ನಾನು ಅಡುಗೆಮನೆಗೆ ವಾಪಸು ಬಂದು, ಅವಳಿಗೆ ಚಟ್ನಿಪುಡಿ ಕಟ್ಟಿಕೊಡಲು ಶೇಂಗಾ ಎಲ್ಲಿಟ್ಟಿದ್ದಾಳೆಂದು ಹುಡುಕತೊಡಗಿದೆ.